ಜ್ವರ ಬಂದದ್ದು ಯಾವತ್ತು?

(ಧಾರವಾಡದಲ್ಲಿ ನೆಲೆಸಿರುವ ನಿವೃತ್ತ ಸೂಕ್ಷ್ಮಜೀವಿ ತಜ್ಞೆಯೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಮೇಡಂ, ನಾಗರ ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ರಾತ್ರಿ ನನ್ನ ಹನ್ನೊಂದು ವರ್ಷದ ಮಗನ ಮೈ ಬೆಚ್ಚಗಿತ್ತು. ದಿನವೆಲ್ಲ ಜೋಕಾಲಿ ಆಡಿ ದಣಿದಿರಬೇಕು ಎಂದುಕೊಂಡೆವು. ಪಂಚಮಿಯ ಮರುದಿನ ಜ್ವರ 103ಕ್ಕೆ ಏರಿತು. ಅಂದೇ ಊರಿನ ಲ್ಯಾಬಿನಲ್ಲಿ ಡೆಂಗಿ ಐಜಿಎಂ, ಐಜಿಜಿ ಮಾಡಿಸಿದೆವು, ಎರಡೂ ನೆಗೆಟಿವ್. ನಾಲ್ಕು ದಿನದ ನಂತರ ಹುಬ್ಬಳ್ಳಿಗೆ ಕರೆದೊಯ್ದಾಗ ಐಜಿಎಂ ಪಾಸಿಟಿವ್, ಎನ್‌ಎಸ್‌1 ನೆಗೆಟಿವ್ ಎಂದು ಬಂತು. ಮಗ ಈಗ ಹುಷಾರಾಗಿದ್ದಾನೆ. ಆದರೆ ನನ್ನ ತಮ್ಮ ಊರಿನ ಲ್ಯಾಬಿನವರ ಮೇಲೆ ದೂರು ಕೊಡಲು ನಿಂತಿದ್ದಾನೆ. ತಪ್ಪು ಯಾರದು?
– ರೈತರೊಬ್ಬರು, ಶಿಗ್ಗಾವಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದ ಮೊದಲ ಸಾಲಿನಲ್ಲೇ ಉತ್ತರವಿದೆ. ಮನೆಯವರು ಜ್ವರದ ಲೆಕ್ಕವನ್ನು ಥರ್ಮಾಮೀಟರ್ ಇಟ್ಟ ದಿನದಿಂದ ಹಿಡಿಯುತ್ತಾರೆ; ನಾನು ರೊಟ್ಟಿ ಹಬ್ಬದ ರಾತ್ರಿಯಿಂದ ಹಿಡಿಯುತ್ತೇನೆ. ಹಾಗೆ ಎಣಿಸಿದರೆ ಊರಿನ ಪರೀಕ್ಷೆ ಮೂರನೇ ದಿನದ್ದು, ಹುಬ್ಬಳ್ಳಿಯದು ಏಳನೇ ದಿನದ್ದು. ಎರಡು ವರದಿಗಳೂ ಸರಿಯಾಗಿವೆ.

ಐಜಿಎಂ, ಐಜಿಜಿ ಎಂದರೆ ವೈರಸ್ ಒಳಹೊಕ್ಕ ಮೇಲೆ ನಮ್ಮ ಮೈ ತಯಾರಿಸಿಕೊಳ್ಳುವ ಪ್ರತಿಕಾಯಗಳು. ತಯಾರಿಗೆ ದಿನ ಹಿಡಿಯುತ್ತದೆ. ಡೆಂಗಿಯಲ್ಲಿ ಐಜಿಎಂ ಸಾಮಾನ್ಯವಾಗಿ ಜ್ವರದ ನಾಲ್ಕೈದನೇ ದಿನದ ಹೊತ್ತಿಗೆ ಕಾಣತೊಡಗುತ್ತದೆ, ಎರಡು ವಾರದ ಸುಮಾರಿಗೆ ಏರಿ ನಿಲ್ಲುತ್ತದೆ, ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುತ್ತದೆ. ಐಜಿಜಿ ಮೊದಲ ಸಲದ ಡೆಂಗಿಯಲ್ಲಿ ವಾರ ಕಳೆದ ಮೇಲೆ ಬಂದು ವರ್ಷಗಟ್ಟಲೆ ಇರುತ್ತದೆ. ಮೂರನೇ ದಿನ ಇವೆರಡನ್ನೂ ಹುಡುಕುವುದೆಂದರೆ, ಹೆಸರು ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ಮೊಳಕೆ ಕಾಣಲಿಲ್ಲವೆಂದು ಬೀಜದಂಗಡಿಯವರ ಕೊರಳಪಟ್ಟಿ ಹಿಡಿದ ಹಾಗೆ.

ಅಂದು ಮಾಡಿಸಬೇಕಾಗಿದ್ದುದು ಎನ್‌ಎಸ್‌1. ಅದು ವೈರಸ್ಸಿನದೇ ಪ್ರೋಟೀನು. ಜ್ವರದ ಮೊದಲ ದಿನದಿಂದಲೇ ಸಿಗುತ್ತದೆ, ಐದಾರು ದಿನ ಕಳೆಯುತ್ತಿದ್ದಂತೆ ಮರೆಯಾಗತೊಡಗುತ್ತದೆ. ಏಳನೇ ದಿನ ಅದು ನೆಗೆಟಿವ್ ಬಂದುದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ತಮ್ಮನವರು ಜಗಳ ಆಡಲೇಬೇಕೆಂದಿದ್ದರೆ, ಮೊದಲ ಪರೀಕ್ಷೆಯ ಚೀಟಿಯಲ್ಲಿ ಎನ್‌ಎಸ್‌1 ಬರೆಯದವರು ಯಾರೆಂದು ವಿಚಾರಿಸಲಿ.

ಆ ಚೀಟಿಯ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಹೆಸರು, ವಯಸ್ಸು, ವಾರ್ಡು ಎಲ್ಲ ತುಂಬಿರುತ್ತದೆ. ‘ಜ್ವರ ಆರಂಭವಾದ ದಿನ’ ಎಂಬ ಜಾಗ ಮಾತ್ರ ಬರಿದು. ಹುಬ್ಬಳ್ಳಿಯಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷ ಚೀಟಿ ಹಿಡಿದು ಹೊರಗಿನ ಬೆಂಚಿನವರೆಗೆ ನಾನೇ ನಡೆಯುತ್ತಿದ್ದೆ. ತಾರೀಖು ಕೇಳಿದರೆ ಯಾರೂ ಹೇಳರು. ‘ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ’, ‘ಸಂತೆಯಿಂದ ಬಂದ ರಾತ್ರಿ’ ಎಂದರೆ ಒಂದು ಗಂಟೆಯೂ ಆಚೀಚೆ ಆಗುವುದಿಲ್ಲ. ಅದಕ್ಕೆಂದೇ ಕಿಟ್ ಇಡುವ ಫ್ರಿಜ್ಜಿನ ಪಕ್ಕದ ಮೊಳೆಗೆ ತಿಥಿ ಇರುವ ಕ್ಯಾಲೆಂಡರ್ ತೂಗುಹಾಕಿದ್ದೆ. ಹೊಸದಾಗಿ ಬಂದ ಹುಡುಗರು ನನ್ನನ್ನು ಬಹಳ ದೈವಭಕ್ತೆ ಎಂದುಕೊಂಡಿದ್ದರು.

ಇಷ್ಟು ತಿಳಿದವಳೇ ನಾನು ಮನೆಯಲ್ಲಿ ಎಡವಿದೆ. 2006ರಲ್ಲಿ ಚಿಕುನ್‌ಗುನ್ಯಾ ಊರೂರನ್ನು ಮಲಗಿಸಿದಾಗ ತಪ್ಪಿಸಿಕೊಂಡಿದ್ದ ನಮ್ಮತ್ತೆಗೆ ಮುಂದೊಂದು ಮಳೆಗಾಲದಲ್ಲಿ ಜ್ವರ ಬಂತು. ಎರಡನೇ ದಿನವೇ ರಕ್ತ ತೆಗೆದು ಐಜಿಎಂ ನೋಡಿದೆ, ನೆಗೆಟಿವ್. ‘ಚಿಕುನ್‌ಗುನ್ಯಾ ಅಲ್ಲ ಬಿಡಿ’ ಎಂದೆ. ಅವರು ಹಿಟ್ಟಿನ ಪರಾತದ ಮುಂದೆ ಕುಳಿತು ಬೆರಳು ಮಡಚಲಾಗದೆ ನನ್ನ ಮುಖ ನೋಡಿ, ‘ಜ್ವರ ಬಂದಿರುವುದು ನನಗೆ, ನಿನ್ನ ಕಾಗದಕ್ಕಲ್ಲ’ ಎಂದರು. ಎಂಟನೇ ದಿನ ಮತ್ತೆ ನೋಡಿದಾಗ ಪಾಸಿಟಿವ್. ಆ ವರ್ಷ ದೀಪಾವಳಿಯವರೆಗೆ ನಮ್ಮ ಮನೆಯ ರೊಟ್ಟಿ ತಟ್ಟಿದವಳು ನಾನು. ಅದನ್ನು ಯಾರೂ ಹೊಗಳಲಿಲ್ಲ.

ನಿಮ್ಮ ಮಗನ ವಿಷಯಕ್ಕೆ ಬರೋಣ. ಮೂರನೇ ದಿನ ಐಜಿಜಿ ಇರಲಿಲ್ಲವಾದ್ದರಿಂದ ಇದು ಅವನಿಗೆ ಬಂದ ಮೊದಲ ಡೆಂಗಿ ಇರುವ ಸಂಭವವೇ ಹೆಚ್ಚು. ಎರಡನೇ ಸಲ ಬಂದವರಲ್ಲಿ ಐಜಿಜಿ ಬೇಗನೆ ಮೇಲೇರುತ್ತದೆ, ಐಜಿಎಂ ಕೆಲವೊಮ್ಮೆ ಕಾಣುವಷ್ಟೂ ಬರುವುದಿಲ್ಲ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ, ಒಂದು ಬಂದು ಹೋದರೆ ಇನ್ನೊಂದು ಬರಬಾರದೆಂದಿಲ್ಲ. ಈ ವರದಿಗಳನ್ನು ಎಸೆಯಬೇಡಿ. ದಸರೆಯ ಹೊತ್ತಿಗೆ ಅವನಿಗೆ ಮತ್ತೆ ಜ್ವರ ಬಂದು ಐಜಿಎಂ ಪಾಸಿಟಿವ್ ಎಂದರೆ ಅದು ಪಂಚಮಿಯದೇ ಬಾಕಿ ಇರಬಹುದು. ಆಗ ವೈದ್ಯರಿಗೆ ಈ ಕಾಗದ ತೋರಿಸಿ.

ಕಾರ್ಡಿನ ಬಗ್ಗೆಯೂ ಒಂದು ಮಾತು. ಊರಿನಲ್ಲಿ ಮಾಡಿದ್ದು ಬಹುಶಃ ಬೆರಳುದ್ದದ ಪ್ಲಾಸ್ಟಿಕ್ ಕಾರ್ಡ್ ಇರಬೇಕು. ಒಂದು ಹನಿ ರಕ್ತದ ತಿಳಿ, ಮೇಲೆ ಎರಡು ಮೂರು ಹನಿ ದ್ರಾವಣ. ಹದಿನೈದು ಇಪ್ಪತ್ತು ನಿಮಿಷದೊಳಗೆ ಗೆರೆ ಓದಬೇಕು. ಚಹಾಕ್ಕೆ ಹೋಗಿ ಬಂದು ಒಂದು ಗಂಟೆಯ ಮೇಲೆ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಇಲ್ಲದ ಗೆರೆಯೂ ತೆಳುವಾಗಿ ಮೂಡಿದಂತೆ ಕಾಣುತ್ತದೆ. ‘ಸಿ’ ಅಕ್ಷರದ ಎದುರು ಗೆರೆಯೇ ಬರದಿದ್ದರೆ ಆ ಕಾರ್ಡ್ ಕೆಟ್ಟದ್ದು, ಉಳಿದ ಗೆರೆ ಏನೇ ಹೇಳಲಿ ನಂಬಬೇಡಿ. ಸರ್ಕಾರದ ಲೆಕ್ಕದಲ್ಲಿ ಖಚಿತ ಎಂದು ಹಿಡಿಯುವುದು ಕಾರ್ಡಿನ ಬದಲು ಲ್ಯಾಬಿನ ಯಂತ್ರದಲ್ಲಿ ಓದುವ ಎಲೈಸಾ ವಿಧಾನದ ಎನ್‌ಎಸ್‌1 ಅಥವಾ ಐಜಿಎಂ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿಯವರಿಗೆ ಗೊತ್ತುಪಡಿಸಿದ ದರ ಎಲೈಸಾಗೆ ತಲಾ 300 ರೂಪಾಯಿ, ಕಾರ್ಡಿಗೆ 250.

ವರದಿ ಏನೇ ಇರಲಿ, ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಹೆಚ್ಚು ಎಚ್ಚರ ಬೇಕಾದ ಹೊತ್ತು. ತಡೆಯಲಾಗದ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಮಗು ಮಂಕಾಗುವುದು, ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಐಬುಪ್ರೊಫೇನ್, ಆಸ್ಪಿರಿನ್ ಮಾತ್ರೆಗಳನ್ನು ಕೊಡಬಾರದು.

ಪ್ರಶ್ನೆ: ಸೊಸೆಗೆ ಈಗ ಮೂರು ತಿಂಗಳು, ವಯಸ್ಸು 21. ಬಸುರಿಯರಲ್ಲಿ ಕೆಲವು ಸೋಂಕುಗಳನ್ನು ಹುಡುಕುವ ಟಾರ್ಚ್ ಪರೀಕ್ಷೆಯಲ್ಲಿ ರುಬೆಲ್ಲಾ ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್ ಬಂದಿದೆ. ಮಗುವಿಗೆ ಕುರುಡು, ಕಿವುಡು ಬರುತ್ತದೆ, ಗರ್ಭ ಇಟ್ಟುಕೊಳ್ಳಬಾರದು ಎಂದು ಬೀಗರ ಕಡೆಯವರೊಬ್ಬರು ಹೇಳುತ್ತಿದ್ದಾರೆ. ಮೂರು ದಿನದಿಂದ ಅವಳು ಸರಿಯಾಗಿ ಊಟ ಮಾಡಿಲ್ಲ.
– ಗದಗದ ಅತ್ತೆ

ಉತ್ತರ: ಅಕ್ಕಾ, ಮೊದಲು ಆಕೆಗೆ ಬಡಿಸಿ, ಆಮೇಲೆ ಮುಂದಕ್ಕೆ ಓದಿ. ಇದು ಒಳ್ಳೆಯ ವರದಿ. ಐಜಿಎಂ ಇಲ್ಲದೆ ಐಜಿಜಿ ಮಾತ್ರ ಇದೆಯೆಂದರೆ ರುಬೆಲ್ಲಾ ಹಿಂದೆಂದೋ ಬಂದು ಹೋಗಿದೆ, ಇಲ್ಲವೇ ಲಸಿಕೆ ಹಾಕಿಸಿಕೊಂಡಿದ್ದಾಳೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕುವ ಅಭಿಯಾನ ನಡೆಯಿತು. ನಿಮ್ಮ ಸೊಸೆ ಆಗ ಶಾಲೆಯ ಸಾಲಿನಲ್ಲಿ ನಿಂತಿರಬೇಕು, ಕೇಳಿ ನೋಡಿ. ಆಕೆಯ ಐಜಿಜಿ ಗರ್ಭಕೋಶದ ಮಾಸನ್ನು (ಪ್ಲಾಸೆಂಟಾ) ದಾಟಿ ಮಗುವಿಗೂ ಹೋಗುತ್ತದೆ, ಹುಟ್ಟಿದ ಮೇಲೆ ಕೆಲವು ತಿಂಗಳು ಅದನ್ನು ಕಾಯುತ್ತದೆ. ನಾವು ಚಿಂತೆ ಮಾಡಬೇಕಾದದ್ದು ಐಜಿಎಂ ಬಂದಾಗ. ಅದು ಕೂಡ ಕೆಲವೊಮ್ಮೆ ಸುಳ್ಳೇ ಇರುತ್ತದೆ. ಸಂಧಿವಾತದವರ ರಕ್ತದಲ್ಲಿರುವ ಒಂದು ಅಂಶ ಸಾಕು ಅದನ್ನು ಪಾಸಿಟಿವ್ ತೋರಿಸಲು. ಆದ್ದರಿಂದ ಐಜಿಎಂ ಒಂದನ್ನೇ ನೋಡಿ ಗರ್ಭದ ಬಗ್ಗೆ ಯಾರೂ ತೀರ್ಮಾನ ಮಾಡುವುದಿಲ್ಲ, ಮಾಡಬಾರದು. ಎರಡು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದು ಐಜಿಜಿ ಎಷ್ಟು ಏರಿತು ಎಂದು ಹೋಲಿಸುತ್ತಾರೆ. ಯಾವ ಲಕ್ಷಣವೂ ಇಲ್ಲದ ಬಸುರಿಗೆಲ್ಲ ಈ ಟಾರ್ಚ್ ಪರೀಕ್ಷೆ ಬರೆದುಕೊಡುವ ರೂಢಿ ನನಗೆ ಎಂದೂ ಹಿಡಿಸಿಲ್ಲ. ಅದರಿಂದ ಗುಣವಾದವರಿಗಿಂತ ನಿದ್ದೆಗೆಟ್ಟವರನ್ನೇ ಹೆಚ್ಚು ಕಂಡಿದ್ದೇನೆ. ಬೀಗರ ಕಡೆಯವರಿಗೆ ಈ ಪುಟ ಕಳುಹಿಸಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಹೆಪಟೈಟಿಸ್ ಸಿ ಗೆ ಮೂರು ತಿಂಗಳು ಮಾತ್ರೆ ನುಂಗಿ ಗುಣವಾಗಿದೆ ಎಂದಿದ್ದರು. ಈಗ ಕಣ್ಣಿನ ಪೊರೆ ತೆಗೆಸಲು ಹೋದರೆ ಮತ್ತೆ ಪಾಸಿಟಿವ್ ಎಂದು ಹಿಂದಕ್ಕೆ ಕಳುಹಿಸಿದ್ದಾರೆ.
– ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಅವರು ನೋಡಿದ್ದು ಪ್ರತಿಕಾಯವನ್ನು. ವೈರಸ್ ಹೋದ ಮೇಲೂ ಅದು ರಕ್ತದಲ್ಲಿ ಉಳಿಯುತ್ತದೆ, ಸಾಮಾನ್ಯವಾಗಿ ಬಹಳ ವರ್ಷ. ವೈರಸ್ ಇದೆಯೋ ಇಲ್ಲವೋ ಎಂಬುದನ್ನು ಹೇಳುವುದು ಆರ್‌ಎನ್‌ಎ ಪರೀಕ್ಷೆ. ಮಾತ್ರೆ ಮುಗಿದ ಹನ್ನೆರಡು ವಾರದ ಮೇಲೆ ಅದನ್ನು ಮಾಡಿಸಿರಬೇಕು; ಹಳೆಯ ಫೈಲಿನಲ್ಲಿ ಹುಡುಕಿ. ಸಿಗದಿದ್ದರೆ, ಅಥವಾ ಆಮೇಲೆ ಮತ್ತೆ ಸೋಂಕು ತಗಲುವ ಸಂದರ್ಭವೇನಾದರೂ ಬಂದಿದ್ದರೆ, ಹೊಸದಾಗಿ ಒಂದು ಸಲ ಮಾಡಿಸಿ, ಆ ವರದಿಯನ್ನು ಕಣ್ಣಿನ ವೈದ್ಯರ ಮೇಜಿನ ಮೇಲಿಡಿ. ವೈರಸ್ ಇದ್ದರೂ ಪೊರೆ ತೆಗೆಯಲು ಅಡ್ಡಿಯಿಲ್ಲ ಎಂಬುದನ್ನು ಅವರಿಗೆ ನಾನು ಹೇಳಿದೆನೆಂದೇ ಹೇಳಿ.