ವರ್ಷವಿಡೀ ನಿಲ್ಲುವ ಕಾರು: ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಕೇ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರನ್ನು ಒಂದು ವರ್ಷ ಶೆಡ್ಡಿನಲ್ಲಿ ನಿಲ್ಲಿಸಬೇಕಾಗಿದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಎಂಜಿನ್ ಕೆಡುವುದಿಲ್ಲವೇ?

ಉತ್ತರ: ಅದಕ್ಕಿಂತ ಮುಟ್ಟದೆ ಬಿಡುವುದೇ ಮೇಲು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಐದು ನಿಮಿಷದಲ್ಲಿ ಎಂಜಿನ್ ಸರಿಯಾಗಿ ಕಾಯುವುದಿಲ್ಲ. ಆ ಆವಿಯಲ್ಲಿ ಒಂದಷ್ಟು ತಣ್ಣನೆಯ ಲೋಹಕ್ಕೆ ತಾಗಿ ಆಯಿಲಿಗೂ ಸೈಲೆನ್ಸರಿಗೂ ಇಳಿಯುತ್ತದೆ. ಸ್ಟಾರ್ಟರ್ ಎಳೆದುಕೊಂಡ ಚಾರ್ಜು ಅಷ್ಟರಲ್ಲಿ ಬ್ಯಾಟರಿಗೆ ಮರಳುವುದೂ ಅನುಮಾನ.

ಆಯಿಲ್, ಫಿಲ್ಟರ್ ಎರಡನ್ನೂ ನಿಲ್ಲಿಸುವ ಮುಂಚೆಯೇ ಬದಲಿಸಿ. ‘ಹೇಗೂ ನಿಂತಿರುತ್ತದೆ, ಆಮೇಲೆ ಹಾಕಿಸಿದರಾಯಿತು’ ಎನ್ನುವವರೇ ಹೆಚ್ಚು. ಆದರೆ ಹಳೆಯ ಆಯಿಲಿನಲ್ಲಿರುವ ಆಮ್ಲ ಮತ್ತು ತೇವ ತಿಂಗಳುಗಟ್ಟಲೆ ಬೇರಿಂಗಿನ ಮೇಲೇ ಕೂತಿರುತ್ತವೆ. ಟ್ಯಾಂಕನ್ನು ಮುಕ್ಕಾಲಿಗಿಂತ ಮೇಲೆ ತುಂಬಿಸಿ. ಖಾಲಿ ಜಾಗ ಹೆಚ್ಚಿದ್ದಷ್ಟೂ ಒಳಗೆ ತೇವ ಕಟ್ಟುತ್ತದೆ, ಎಥನಾಲ್ ಬೆರೆತ ಪೆಟ್ರೋಲ್ ಅದನ್ನು ಹೀರಿಕೊಳ್ಳುತ್ತದೆ. ಪೆಟ್ರೋಲ್ ಹಳಸದಂತೆ ತಡೆಯುವ ಫ್ಯೂಯಲ್ ಸ್ಟೆಬಿಲೈಸರನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಿ, ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಆಗಲೇ ಅದು ಇಂಜೆಕ್ಟರ್ ತನಕ ತಲುಪುವುದು.

ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್‌ಗಳ ಸುತ್ತಲಿನ ದೂಳನ್ನು ಊದಿ, ಬಿಚ್ಚಿ. ಪ್ಲಗ್ಗಿನ ತೂತಿನಿಂದ ಪ್ರತಿ ಸಿಲಿಂಡರಿಗೆ ಸುಮಾರು 5 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟರೆ ಸಾಕು. ಧಾರಾಳವಾಗಿ ಸುರಿಯಬೇಡಿ: ಆಯಿಲ್ ಕುಗ್ಗುವ ವಸ್ತುವಲ್ಲ, ಹೆಚ್ಚಾದರೆ ಪಿಸ್ಟನ್ ಮೇಲೇರುವಾಗ ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗಬಹುದು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ (ಎಂಜಿನ್ನಿನ ಬೆಲ್ಟ್ ತಿರುಗಿಸುವ ಕೆಳಗಿನ ಗಾಲಿಯ) ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಎರಡು ಸುತ್ತು ತಿರುಗಿಸಿದರೆ ಸಿಲಿಂಡರ್ ಗೋಡೆಗೆ ಆಯಿಲ್ ಸವರಿದಂತಾಗುತ್ತದೆ. ಪ್ಲಗ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಥ್ರೆಡ್ಡಿಗೆ ಕೂರಿಸಿ, ಆಮೇಲೆ ಬಿಗಿಮಾಡಿ.

ರೇಡಿಯೇಟರಿನಲ್ಲಿ ಕೂಲಂಟ್ ಬದಲು ಬರೀ ನೀರಿದ್ದರೆ ತೆಗೆದು, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮ ಪ್ರಮಾಣದಲ್ಲಿ ಬೆರೆಸಿ ತುಂಬಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ. ಬಿಚ್ಚಿಟ್ಟ ಬ್ಯಾಟರಿಯೂ ತಾನಾಗಿ ಇಳಿಯುತ್ತದೆ, 12.4 ವೋಲ್ಟಿಗಿಂತ ಕೆಳಗೆ ಹೋಗುವ ಮೊದಲು ಚಾರ್ಜ್ ಮಾಡುತ್ತಿರಿ. ಸೈಲೆನ್ಸರ್ ತುದಿಗೂ ಗಾಳಿ ಎಳೆಯುವ ಬಾಯಿಗೂ ತಂತಿಜಾಲರಿ ತುರುಕಿ, ಏರ್ ಫಿಲ್ಟರ್ ಪೆಟ್ಟಿಗೆ ಇಲಿಗಳಿಗೆ ಹೇಳಿ ಮಾಡಿಸಿದ ಗೂಡು. ಜಾಲರಿ ಇದೆಯೆಂದು ಚೀಟಿ ಬರೆದು ಸ್ಟೀರಿಂಗಿಗೆ ಅಂಟಿಸಿ.

ಮತ್ತೆ ಹೊರತೆಗೆಯುವ ದಿನ ಜಾಲರಿ ತೆಗೆದು, ಎಂಜಿನ್ ಹತ್ತಿಕೊಳ್ಳದಂತೆ ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು, ಆಯಿಲ್ ದೀಪ ಆರುವವರೆಗೆ ಐದೈದು ಸೆಕೆಂಡು ಸೆಲ್ಫ್ ಹೊಡೆಯಿರಿ. ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ನೀಲಿ ಹೊಗೆ ಬಂದರೆ ಗಾಬರಿ ಬೇಡ, ನೀವೇ ಹಾಕಿದ ಆಯಿಲ್ ಉರಿಯುತ್ತಿದೆ.