ಟೆಕ್ಸಾಸ್‌ನ ವರ್ಲ್ಡ್ ಕ್ಲಾಸ್ ಕುಸ್ತಿ ಕಂಪನಿ ಅಷ್ಟು ಬೆಳೆದು ಯಾಕೆ ಮುಳುಗಿತು?

ಡಲ್ಲಾಸ್‌ನ ಈ ಕಂಪನಿ ನಿಂತಿದ್ದೇ ಒಂದು ಮನೆತನದ ಮೇಲೆ. ಮಾಲೀಕ ಫ್ರಿಟ್ಜ್ ವಾನ್ ಎರಿಕ್, ಹೀರೋಗಳು ಅವರ ಮಕ್ಕಳೇ. 1982ರ ಕ್ರಿಸ್‌ಮಸ್ ರಾತ್ರಿ ಪಂಜರದ ಪಂದ್ಯದಲ್ಲಿ ಫ್ರೀಬರ್ಡ್ಸ್ ಎಂಬ ಎದುರಾಳಿ ತಂಡದ ಟೆರ್ರಿ ಗಾರ್ಡಿ ಪಂಜರದ ಬಾಗಿಲನ್ನು ಫ್ರಿಟ್ಜ್ ಮಗ ಕೆರ್ರಿ ತಲೆಗೆ ರಪ್ಪನೆ ಬಡಿದರು. ಆ ಏಟಿನಿಂದ ಶುರುವಾದ ಫ್ರೀಬರ್ಡ್ಸ್ ಜೊತೆಗಿನ ಜಗಳ ವರ್ಷಗಟ್ಟಲೆ ಜನರನ್ನು ಎಳೆದು ತಂದಿತು.

1984ರ ಫೆಬ್ರವರಿಯಲ್ಲಿ ಕೆರ್ರಿಯ ಅಣ್ಣ ಡೇವಿಡ್ ಜಪಾನಿನಲ್ಲಿ ತೀರಿಕೊಂಡರು. ಇನ್ನೂ 25 ವರ್ಷ, ನೆನೆದರೆ ಈಗಲೂ ಸಂಕಟ. ಮೇ ತಿಂಗಳಲ್ಲಿ ತಮ್ಮ ಕೆರ್ರಿ ರಿಕ್ ಫ್ಲೇರ್‌ರನ್ನು ಸೋಲಿಸಿ ವಿಶ್ವ ಪಟ್ಟ ಗೆದ್ದರು. ಅಲ್ಲಿಂದ ಇಳಿಜಾರು. 1986ರಲ್ಲಿ ಕೆರ್ರಿಗೆ ಬೈಕ್ ಅಪಘಾತ, 1987ರಲ್ಲಿ ಇನ್ನೊಬ್ಬ ತಮ್ಮ ಮೈಕ್ ಸಾವು. ಅತ್ತ ಎದುರಾಳಿ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್ ದೇಶವನ್ನೆಲ್ಲ ಆವರಿಸುತ್ತಿತ್ತು. ನನ್ನ ಪ್ರಕಾರ, ಮನೆಮಕ್ಕಳನ್ನು ಬಿಟ್ಟು ಬೇರೆ ಹೀರೋಗಳನ್ನು ಬೆಳೆಸದಿದ್ದದ್ದೇ ಜಾಸ್ತಿ ಹೊಡೆತ ಕೊಟ್ಟಿತು. 1989ರಲ್ಲಿ ಕಂಪನಿ ಮೆಂಫಿಸ್‌ನ ಕುಸ್ತಿ ಆಯೋಜಕ ಜೆರ್ರಿ ಜ್ಯಾರೆಟ್ ಕೈಗೆ ಹೋಯಿತು.