ಅತ್ತೆಯನ್ನು ಬಿಡಿ, ಮೊದಲು ಸರ್ ಹತ್ತಿರ ಹೋಗಿ

ಈ ವಾರ ಒಂದೇ ಪತ್ರಕ್ಕೆ ಉತ್ತರ. ಉಳಿದವರು ಸ್ವಲ್ಪ ತಾಳ್ಮೆಯಿಂದಿರಿ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು ನಾನು. ಇಂಥ ಪತ್ರ ಕೈಗೆ ಬಂದರೆ ನಾಲ್ಕು ಸಾಲಿನಲ್ಲಿ ಮುಗಿಸೋಕೆ ನನ್ನಿಂದ ಆಗುವುದಿಲ್ಲ.

ಬರೆದವರು ದಾವಣಗೆರೆ ಕಡೆಯವರು. ವಯಸ್ಸು 32. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ. ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿದು ಎರಡೂವರೆ ವರ್ಷವಾಗಿದೆ. ಈಗ ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮೂರೂವರೆ ವರ್ಷದ ಮಗಳಿದ್ದಾಳೆ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ಅರ್ಜಿ ಹಾಕಿ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆಗೆ, ಹೋಗಬೇಕು ಅನ್ನುವ ಆಸೆ. ಅತ್ತೆ ಎರಡು ತಿಂಗಳಿಂದ ಮಾತು ಬಿಟ್ಟಿದ್ದಾರೆ. "ಮಗಳನ್ನು ಬಿಟ್ಟು ಹೋಗಲೋ, ಆಸೆಯನ್ನು ಬಿಡಲೋ, ನೀವೇ ಹೇಳಿ ಮೇಡಂ" ಎಂದು ಕೇಳಿದ್ದಾರೆ.

ಐದು ಪುಟದ ಪತ್ರ. ನಾಲ್ಕು ಪುಟ ಅತ್ತೆಗೇ ಹೋಗಿದೆ. ಅವರು ಏನಂದರು, ಏನನ್ನಲಿಲ್ಲ, ಪಾತ್ರೆ ಎಷ್ಟು ಜೋರಾಗಿ ಇಟ್ಟರು, ಎಲ್ಲ ಇದೆ. ಐದನೇ ಪುಟದಲ್ಲಿ, ಸಹಿ ಹಾಕುವ ಮುಂಚೆ, ಒಂದು ಸಾಲು ಹೀಗಿದೆ: "ನನ್ನ ಮೂರನೇ ಪೇಪರ್ 14 ತಿಂಗಳಿಂದ ಗೈಡ್ ಹತ್ತಿರ ಇದೆ. ಲ್ಯಾಬ್‌ನ ಸೀನಿಯರ್ ಅಣ್ಣನ ಕೈಲಿ ಕೇಳಿಸಿದ್ದೇನೆ, ಸರ್ ನೋಡ್ತಾರಂತೆ."

ಪೇಪರ್ ಅಂದರೆ ಜರ್ನಲ್‌ನಲ್ಲಿ ಅಚ್ಚಾಗಬೇಕಾದ ಸಂಶೋಧನಾ ಲೇಖನ, ಗೈಡ್ ಅಂದರೆ ಪಿಎಚ್‌ಡಿ ಮಾಡಿಸಿದ ಸರ್. ನೋಡಿ ತಾಯಿ, ನಿಮ್ಮ ಸಮಸ್ಯೆ ಇರುವುದು ಆ ಸಾಲಿನಲ್ಲಿ. ಉಳಿದ ನಾಲ್ಕೂ ಮುಕ್ಕಾಲು ಪುಟವನ್ನು ಮಡಚಿ ಇಡಿ.

ಯಾಕೆ ಅಂತ ಹೇಳುತ್ತೇನೆ. ಹಂಬೋಲ್ಟ್ ಫೌಂಡೇಶನ್ ಪೋಸ್ಟ್‌ಡಾಕ್‌ಗೆ ಕೊಡುವ ಫೆಲೋಶಿಪ್‌ಗೆ ಪಿಎಚ್‌ಡಿ ಮುಗಿದ ನಾಲ್ಕು ವರ್ಷದೊಳಗೆ ಅರ್ಜಿ ಹಾಕಬೇಕು. ಇಂಥದ್ದೇ ದಿನ ಅಂತ ನಿಗದಿಯಾದ ಕೊನೆ ದಿನಾಂಕ ಇಲ್ಲ. ಆಯ್ಕೆ ಸಮಿತಿ ವರ್ಷಕ್ಕೆ ಮೂರು ಸಲ ಕೂರುತ್ತದೆ. ದೇಶಕ್ಕಿಷ್ಟು, ವಿಷಯಕ್ಕಿಷ್ಟು ಅನ್ನುವ ಕೋಟಾ ಕೂಡ ಇಲ್ಲ. ಕೊನೆ ದಿನಾಂಕ ಇಲ್ಲದಿರುವುದೇ ನಮ್ಮಂಥವರಿಗೆ ಅಪಾಯ. ಸೆಪ್ಟೆಂಬರ್ ಇಷ್ಟನೇ ತಾರೀಖು ಅಂತ ಇದ್ದಿದ್ದರೆ ನೀವು ಆಗಲೇ ಓಡಾಡಿರುತ್ತಿದ್ದಿರಿ. ಈಗ "ಹಾಕಿದರಾಯಿತು" ಎನ್ನುತ್ತಲೇ ಎರಡೂವರೆ ವರ್ಷ ಹೋಗಿದೆ. ಇನ್ನು ಒಂದೂವರೆ ವರ್ಷ ಇದೆ. ಮಗು ನೋಡಿಕೊಂಡ ಅವಧಿಗೆ ಅವರು ರಿಯಾಯಿತಿ ಕೊಡುತ್ತಾರೆ, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಅದಕ್ಕಿಂತ ದೊಡ್ಡ ವಿಷಯ ನಿಮ್ಮ ಹೋಸ್ಟ್, ಅಂದರೆ ಅಲ್ಲಿ ತಮ್ಮ ಲ್ಯಾಬ್‌ಗೆ ನಿಮ್ಮನ್ನು ಸೇರಿಸಿಕೊಳ್ಳುವವರು. ಜರ್ಮನಿಯ ಪ್ರೊಫೆಸರ್ ಒಬ್ಬರು "ಅರ್ಜಿ ಹಾಕಿ, ಹೋಸ್ಟ್ ಆಗಲು ಒಪ್ಪಿಗೆ ಇದೆ, ಅಷ್ಟರಲ್ಲಿ ಮೂರನೇ ಪೇಪರ್ ಬಂದಿದ್ದರೆ ಒಳ್ಳೆಯದು" ಎಂದು ಮೇಲ್ ಬರೆದಿದ್ದಾರೆ ಅಂತ ನೀವೇ ಹೇಳಿದ್ದೀರಿ. ಅದನ್ನೂ ಯಾರೋ ಮದುವೆ ಕರೆಯೋಲೆ ಕೊಟ್ಟರು ಅನ್ನುವಷ್ಟು ಸಲೀಸಾಗಿ ಹೇಳಿದ್ದೀರಿ. ಈ ಹೋಸ್ಟ್ ಒಪ್ಪಿಗೆಗಾಗಿ ಎಷ್ಟೋ ಹುಡುಗರು "ರೆಸ್ಪೆಕ್ಟೆಡ್ ಸರ್" ಅಂತ ಒಂದೇ ಮೇಲನ್ನು ಊರೆಲ್ಲ ಕಳಿಸಿ ಉತ್ತರ ಇಲ್ಲದೆ ಕೂತಿರುತ್ತಾರೆ. ಹೋಸ್ಟ್ ಬರೆದುಕೊಡುವ ಹೇಳಿಕೆ ಇಲ್ಲದೆ ಅರ್ಜಿಯೇ ಪೂರ್ತಿ ಆಗುವುದಿಲ್ಲ. ಅದು ನಿಮಗೆ ಸಿಕ್ಕಿದೆ. ಅಂದರೆ ಅವರು ನಿಮ್ಮ ಮೊದಲ ಎರಡು ಪೇಪರ್ ಓದಿದ್ದಾರೆ.

ಈಗ ಆ ಪೇಪರ್ ವಿಷಯ. ನಿಮ್ಮದು ನಿಕ್ಕಲ್ ಬಳಸಿ ಮಾಡುವ ಕಪ್ಲಿಂಗ್. ಕೆಮಿಸ್ಟ್ರಿ ಗೊತ್ತಿಲ್ಲದ ಓದುಗರಿಗೆ: ಎರಡು ಇಂಗಾಲದ ತುಣುಕುಗಳನ್ನು ಜೋಡಿಸುವ ಈ ಕ್ರಿಯೆಗೆ ಮೊದಲಿಂದ ಜಾಸ್ತಿ ಬಳಸುತ್ತ ಬಂದದ್ದು ಪಲೇಡಿಯಂ. 2010ರಲ್ಲಿ ಹೆಕ್, ನೆಗಿಶಿ, ಸುಝುಕಿ ಮೂವರಿಗೆ ನೊಬೆಲ್ ಬಂದದ್ದು ಅದಕ್ಕೇ. ಔಷಧ ಕಂಪನಿಗಳಲ್ಲಿ ದಿನಾ ಬಳಸುವ ಕ್ರಿಯೆ ಇದು. ಪಲೇಡಿಯಂ ದುಬಾರಿ, ನಿಕ್ಕಲ್ ಅಗ್ಗ. ಹಾಗಾಗಿ ಪ್ರಪಂಚದ ತುಂಬಾ ಲ್ಯಾಬ್‌ಗಳು ನಿಕ್ಕಲ್ ಹಿಂದೆ ಬಿದ್ದಿವೆ. ಇಂಥ ಕ್ಷೇತ್ರದಲ್ಲಿ ಡ್ರಾಫ್ಟ್ 14 ತಿಂಗಳು ಮೇಜಿನ ಮೇಲೆ ಮಲಗಿದರೆ ಬೇರೆ ಯಾರೋ ಅದನ್ನೇ ಮೊದಲು ಅಚ್ಚು ಹಾಕಿಸಿಬಿಡಬಹುದು ಅಂತ ನಾನು ನಿಮಗೆ ಹೇಳಬೇಕಾ?

"ಬೇರೆಯವರು ಕದ್ದುಬಿಡುತ್ತಾರೆ, ಪೂರ್ತಿ ಆಗುವವರೆಗೆ ಹೊರಗೆ ಬಿಡಬಾರದು ಅಂತ ಸರ್ ಹೇಳಿದರಂತೆ" ಎಂದು ಬರೆದಿದ್ದೀರಿ. ಹೇಳಿದ್ದು ಯಾರು? ಸರ್ ಅಲ್ಲ, ಸೀನಿಯರ್ ಅಣ್ಣ. ಇರಲಿ, ಸರ್ ಮಾತೇ ಅಂದುಕೊಳ್ಳೋಣ. ನಿಮ್ಮ ಪಿಎಚ್‌ಡಿ ಪ್ರಬಂಧ ಶೋಧಗಂಗಾದಲ್ಲಿ, ಅಂದರೆ ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಜಾಲತಾಣದಲ್ಲಿ, ಇದೆ ಅಂತಲೂ ನೀವೇ ಬರೆದಿದ್ದೀರಿ. ಆ ಪೇಪರ್ ಅಂದರೆ ಪ್ರಬಂಧದ ನಾಲ್ಕನೇ ಅಧ್ಯಾಯ ತಾನೆ? ಮೊಬೈಲ್ ಇರುವ ಯಾರು ಬೇಕಾದರೂ ಅದನ್ನು ಇವತ್ತೇ ಇಳಿಸಿಕೊಂಡು ಓದಬಹುದು. ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಡೇಟಾ ಸಮೇತ ಎಲ್ಲ ಬಯಲಲ್ಲಿದೆ. ಗುಟ್ಟು ಅನ್ನುವುದು ಉಳಿದಿಲ್ಲ. ಪೇಪರ್ ಮಾತ್ರ ಹೊರಗೆ ಬಂದಿಲ್ಲ.

ಪ್ರಬಂಧ ಸಲ್ಲಿಸುವ ಮುಂಚೆ ಪೇಪರ್ ಕಡ್ಡಾಯ ಅನ್ನುವ ನಿಯಮವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ತೆಗೆದುಹಾಕಿತು. ಆ ನಿಯಮದಿಂದ ಕೆಟ್ಟ ಜರ್ನಲ್‌ಗಳ ಅಂಗಡಿ ಬೆಳೆದಿತ್ತು, ಹೋದದ್ದು ಒಳ್ಳೆಯದೇ. ಆದರೆ ಡಿಗ್ರಿ ಬಂದಮೇಲೆ ವಿದ್ಯಾರ್ಥಿಯ ಪೇಪರನ್ನು ಯಾರೂ ಕೇಳದ ಹಾಗಾಯಿತು. ಗೈಡ್‌ಗೆ ಹೊಸ ಸ್ಕಾಲರ್ ಬಂದಿರುತ್ತಾರೆ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಕೆಲಸ ಬಂದಿರುತ್ತದೆ, ಪರೀಕ್ಷೆ ಪೇಪರ್ ಬಂಡಲ್ ಬಂದಿರುತ್ತದೆ. ಹಳೆಯ ಸ್ಕಾಲರ್ ನೆನಪಾಗಬೇಕಾದರೆ ಎದುರಿಗೆ ಹೋಗಿ ನಿಲ್ಲಬೇಕು.

ನೀವು ನಿಲ್ಲಲಿಲ್ಲ. ಅಣ್ಣನನ್ನು ಕಳಿಸಿದಿರಿ.

ಈ ಅಂಕಣ ಓದುವವರಿಗೆ ಗೊತ್ತು, ಮಧ್ಯವರ್ತಿ ಕಂಡರೆ ನನಗೆ ಆಗುವುದಿಲ್ಲ. ಆಸ್ತಿ ಪಾಲಿರಲಿ, ಗಂಡ ಹೆಂಡಿರ ಜಗಳ ಇರಲಿ, ಮಧ್ಯದಲ್ಲಿ ನಿಂತವರಿಗೆ ಕೆಲಸ ಬೇಗ ಮುಗಿಯುವುದು ಬೇಕಾಗಿರುವುದಿಲ್ಲ. ಈ ಸೀನಿಯರ್ ಅಣ್ಣ ಅದೇ ವಿಭಾಗದಲ್ಲಿ ಈಗ ಅಧ್ಯಾಪಕರು. ನಿಮ್ಮ ಪೇಪರ್‌ನಲ್ಲಿ ಎರಡನೇ ಹೆಸರು ಅವರದು. "ಸರ್ ಮೂಡ್ ಸರಿಯಿಲ್ಲ, ಈಗ ಬರಬೇಡ" ಅನ್ನುತ್ತಾರೆ. "ಮೇಲ್ ಹಾಕಬೇಡ, ಬೇಜಾರು ಮಾಡ್ಕೋತಾರೆ" ಅನ್ನುತ್ತಾರೆ. 14 ತಿಂಗಳು ಒಬ್ಬ ಮನುಷ್ಯನ ಮೂಡ್ ಕೆಟ್ಟಿರುತ್ತದಾ? ನಿಮ್ಮ ಡ್ರಾಫ್ಟ್ ಸರ್ ಮೇಜಿಗೆ ತಲುಪಿದೆ ಅನ್ನುವುದಕ್ಕೇ ನಿಮ್ಮ ಹತ್ತಿರ ಸಾಕ್ಷಿ ಇಲ್ಲ. ಅವರು ಕೆಟ್ಟವರು ಎನ್ನುತ್ತಿಲ್ಲ. ಬಾಗಿಲ ಹತ್ತಿರ ನಿಂತು ಅಭ್ಯಾಸವಾಗಿದೆ, ಅಷ್ಟೇ. ನನ್ನ ಸಿಟ್ಟು ಗೈಡ್‌ಗಿಂತ ಜಾಸ್ತಿ ಇವರ ಮೇಲಿದೆ. ಅನ್ಯಾಯ ಅನ್ನಿಸಿದರೆ ಅನ್ನಿಸಲಿ.

ನಿಮ್ಮ ಸ್ನೇಹಿತೆ "ಸರ್‌ಗೆ ಹೇಳದೆ ನೀನೇ ಜರ್ನಲ್‌ಗೆ ಹಾಕಿಬಿಡು" ಅಂದರಂತೆ. ದಯವಿಟ್ಟು ಬೇಡ. ಪೇಪರ್ ಕಳಿಸಿದ ಕೂಡಲೇ ಕೆಮಿಸ್ಟ್ರಿಯ ಎಷ್ಟೋ ಜರ್ನಲ್‌ಗಳು ಎಲ್ಲ ಲೇಖಕರಿಗೂ ಮೇಲ್ ಹಾಕುತ್ತವೆ. ಸಹಲೇಖಕರ ಒಪ್ಪಿಗೆ ಇಲ್ಲ ಅಂತ ಗೊತ್ತಾದರೆ ಅಲ್ಲಿಗೆ ನಿಲ್ಲುತ್ತದೆ. ಹೆಸರು ಕೆಡುವುದು ನಿಮ್ಮದು. ಆಮೇಲೆ ಶಿಫಾರಸು ಪತ್ರ ಕೇಳಲು ಯಾವ ಮುಖ ಇಟ್ಟುಕೊಂಡು ಹೋಗುತ್ತೀರಿ? ಪಿಎಚ್‌ಡಿ ಗೈಡ್ ಪತ್ರ ಇಲ್ಲದ ಅರ್ಜಿ ನೋಡಿದರೆ ಯಾವ ಸಮಿತಿಗೂ ಅನುಮಾನ ಬರುತ್ತದೆ.

ಹಾಗಾದರೆ ಮಾಡಬೇಕಾದ್ದು ಒಂದೇ. ಈ ವಾರ ಒಂದು ದಿನ ರಜೆ ಹಾಕಿ, ಬಸ್ ಹತ್ತಿ, ಸರ್ ಕೊಠಡಿಗೆ ಹೋಗಿ. ಅಣ್ಣನಿಗೆ ಹೇಳಬೇಡಿ. ಡ್ರಾಫ್ಟ್‌ನ ಪ್ರಿಂಟ್, ಜರ್ಮನಿಯಿಂದ ಬಂದ ಮೇಲ್‌ನ ಪ್ರಿಂಟ್, ಎರಡೂ ಕೈಯಲ್ಲಿರಲಿ. ಮೇಲನ್ನು ಮೊದಲು ತೋರಿಸಿ. ತಮ್ಮ ವಿದ್ಯಾರ್ಥಿನಿಗೆ ಹಂಬೋಲ್ಟ್ ಬಂದರೆ ಅವರಿಗೂ ಹೆಮ್ಮೆ ಅಲ್ವಾ? ಆಮೇಲೆ ಒಂದು ಮಾತು ಕೇಳಿ: "ಸರ್, ಯಾವ ತಾರೀಖಿಗೆ ತಿದ್ದಿ ಕೊಡುತ್ತೀರಿ?" "ನೋಡೋಣಮ್ಮ" ಅಂದರೆ ಏಳಬೇಡಿ, ತಾರೀಖು ಸಿಗುವವರೆಗೆ ಕೂತಿರಿ. ಅದೇ ಸಂಜೆ "ಇವತ್ತು ಮಾತಾಡಿದ ಹಾಗೆ, ಇಂಥ ದಿನದೊಳಗೆ" ಅಂತ ಅವರಿಗೆ ವಿನಯವಾಗಿ ಒಂದು ಮೇಲ್ ಹಾಕಿ.

ಕದಿಯುವ ಭಯ ಅವರಿಗೆ ನಿಜವಾಗಲೂ ಇದ್ದರೆ ಅದಕ್ಕೂ ದಾರಿ ಇದೆ. ಕೆಮ್‌ಆರ್ಕೈವ್ ಅಂತ ಕೆಮಿಸ್ಟ್ರಿಗೇ ಮೀಸಲಾದ ಪ್ರಿಪ್ರಿಂಟ್ ತಾಣ 2017ರಿಂದ ಇದೆ. ಪ್ರಿಪ್ರಿಂಟ್ ಅಂದರೆ ಜರ್ನಲ್‌ನಲ್ಲಿ ಬರುವ ಮುಂಚೆಯೇ ಎಲ್ಲರಿಗೂ ಓದಲು ಇಡುವ ಪೇಪರ್. ಅಮೆರಿಕ, ಬ್ರಿಟನ್, ಜರ್ಮನಿ, ಚೀನಾ, ಜಪಾನ್‌ನ ಕೆಮಿಸ್ಟ್ರಿ ಸಂಘಗಳು ಸೇರಿ ನಡೆಸುತ್ತವೆ. ಅಲ್ಲಿ ಹಾಕಿದರೆ ತಾರೀಖು ಸಮೇತ ಡಿಒಐ, ಅಂದರೆ ಆ ಪೇಪರ್‌ಗೇ ಸೇರಿದ ಕಾಯಂ ಗುರುತಿನ ಸಂಖ್ಯೆ, ಸಿಗುತ್ತದೆ. ಮೊದಲು ಮಾಡಿದವರು ಯಾರು ಅನ್ನುವುದಕ್ಕೆ ಅದೇ ದಾಖಲೆ. ಕೆಮಿಸ್ಟ್ರಿಯ ದೊಡ್ಡ ಜರ್ನಲ್‌ಗಳು ಈಗ ಪ್ರಿಪ್ರಿಂಟ್ ಆದ ಪೇಪರನ್ನೂ ತೆಗೆದುಕೊಳ್ಳುತ್ತವೆ. ಹೋಸ್ಟ್‌ಗೆ ಕಳಿಸಲು ನಿಮಗೂ ಒಂದು ಲಿಂಕ್ ಸಿಕ್ಕಿತು. ಎಲ್ಲ ಲೇಖಕರ ಒಪ್ಪಿಗೆ ಅಲ್ಲಿಗೂ ಬೇಕು, ನೆನಪಿರಲಿ.

ಶಿಫಾರಸು ಪತ್ರವನ್ನು "ನೀನೇ ಬರೆದುಕೊಂಡು ಬಾ, ಸಹಿ ಹಾಕ್ತೀನಿ" ಅಂದರೆ ಒಪ್ಪಬೇಡಿ. ನಮ್ಮಲ್ಲಿ ಇದು ಮಾಮೂಲಿ, ಆದರೆ ಓದುವವರಿಗೆ ಗೊತ್ತಾಗುತ್ತದೆ. ಮಾಡಿದ ಕೆಲಸದ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಪತ್ರ ಅವರೇ ಬರೆಯಲಿ.

ಸರ್ ಖಡಾಖಂಡಿತ ಆಗಲ್ಲ ಅಂದರೆ? ಇರುವ ಎರಡು ಪೇಪರ್‌ನಿಂದಲೇ ಅರ್ಜಿ ಹಾಕಿ. ಹೋಸ್ಟ್ "ಬಂದಿದ್ದರೆ ಒಳ್ಳೆಯದು" ಅಂದಿದ್ದಾರೆ, ಬರಲೇಬೇಕು ಅಂದಿಲ್ಲ. ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು, ಪ್ರಬಂಧದ ಅಧ್ಯಾಯವನ್ನೇ ಕಳಿಸಿ. ದೇಶದಲ್ಲೇ ಇರಬೇಕಾಗಿ ಬಂದರೆ ಕೇಂದ್ರ ಸರ್ಕಾರದ ಪೋಸ್ಟ್‌ಡಾಕ್ ಫೆಲೋಶಿಪ್ ಎನ್‌ಪಿಡಿಎಫ್ ಇದೆ. ಅದಕ್ಕೆ ವಯಸ್ಸಿನ ಮಿತಿ 35, ಹೆಂಗಸರಿಗೆ ಇನ್ನೂ ಐದು ವರ್ಷ ಸಡಿಲ. ಜಿಗಣಿ, ಬೊಮ್ಮಸಂದ್ರದ ಕಂಪನಿಗಳಲ್ಲೂ ಕಪ್ಲಿಂಗ್ ಬಲ್ಲವರಿಗೆ ಕೆಲಸ ಇದೆ. ಆದರೆ ನೀವು ಕೇಳಿದ್ದು ಅದಲ್ಲ, ಹಾಗಾಗಿ ಇಲ್ಲಿಗೇ ಬಿಡುತ್ತೇನೆ.

ಇನ್ನು ಅತ್ತೆ. ನಿಮಗಿಂತ ಅವರ ಮೇಲೆ ನನಗೆ ಕನಿಕರ ಜಾಸ್ತಿ. ನೀವು ಕಾಲೇಜಿಗೆ ಹೋದಾಗ ಮಗಳನ್ನು ನೋಡಿಕೊಳ್ಳುವುದು ಅವರೇ. ಆಕೆಗೆ ಜರ್ಮನಿ ವಿಷಯ ತಿಳಿದದ್ದು ಪಕ್ಕದ ಮನೆಯವರಿಂದ! ನನಗಾಗಿದ್ದರೆ ನಾನೂ ಪಾತ್ರೆ ಕುಕ್ಕುತ್ತಿದ್ದೆ. ಅಲ್ಲೂ ನೀವು ಮಾಡಿದ್ದು ಅದೇ ಕೆಲಸ. ಗೈಡ್‌ಗೆ ಅಣ್ಣನ ಕೈಲಿ ಹೇಳಿಸಿದಿರಿ, ಅತ್ತೆಗೆ ಊರಿನ ಬಾಯಿಂದ ತಿಳಿಯಲು ಬಿಟ್ಟಿರಿ. ಹೋಗಿ ಪಕ್ಕದಲ್ಲಿ ಕೂತು ಪೂರ್ತಿ ಹೇಳಿ. ಮಗಳನ್ನು ಬಿಟ್ಟು ಹೋಗಬೇಕು ಅಂತ ಯಾರು ಹೇಳಿದರು ನಿಮಗೆ? ಈ ಫೆಲೋಶಿಪ್ 6ರಿಂದ 24 ತಿಂಗಳವರೆಗೆ, ಎಷ್ಟು ಬೇಕೋ ಅಷ್ಟಕ್ಕೆ ಕೇಳಬಹುದು. ಜೊತೆಗೆ ಬರುವ ಗಂಡ ಮಕ್ಕಳಿಗೆ ಭತ್ಯೆ ಇದೆ. ಜರ್ಮನಿಯಲ್ಲಿ ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಶಿಶುವಿಹಾರದಲ್ಲಿ ಜಾಗ ಪಡೆಯುವುದು 2013ರಿಂದ ಕಾನೂನಿನ ಹಕ್ಕು. ದೊಡ್ಡ ಊರುಗಳಲ್ಲಿ ಜಾಗ ಹುಡುಕಲು ಒದ್ದಾಡಬೇಕು, ಅದು ಬೇರೆ ಮಾತು. ಹೋಸ್ಟ್‌ಗೆ ಈಗಲೇ ಕೇಳಿಡಿ. ಮಕ್ಕಳಿರುವ ಸಂಶೋಧಕಿ ಅಂತ ಹೇಳಿಕೊಳ್ಳಲು ಅಲ್ಲಿ ಯಾರೂ ಸಂಕೋಚ ಪಡುವುದಿಲ್ಲ.

ಮಗಳಿಗೆ ಪಾಸ್‌ಪೋರ್ಟ್ ಇಲ್ಲ ಅಂದುಕೊಳ್ಳುತ್ತೇನೆ. ಫೆಲೋಶಿಪ್ ಬರುವವರೆಗೆ ಕಾಯದೆ ಅದಕ್ಕೂ ಅರ್ಜಿ ಹಾಕಿ. ಚಿಕ್ಕ ಮಕ್ಕಳ ಅರ್ಜಿಯ ಜೊತೆ ಕೊಡುವ ಒಪ್ಪಿಗೆ ಪತ್ರಕ್ಕೆ ತಂದೆ ತಾಯಿ ಇಬ್ಬರೂ ಸಹಿ ಹಾಕಬೇಕು. ನಿಮ್ಮ ಯಜಮಾನರ ಬಗ್ಗೆ ಐದು ಪುಟದಲ್ಲಿ ನೀವು ಬರೆದಿರುವುದು ಒಂದೇ ಮಾತು, ಏನು ಕೇಳಿದರೂ "ನಿನ್ನಿಷ್ಟ" ಅನ್ನುತ್ತಾರೆ ಅಂತ. ಆ ಹಾಳೆಯನ್ನು ಪೆನ್ನಿನ ಜೊತೆ ಅವರ ಮುಂದೆ ಇಡಿ.